ಈಜುಕೊಳ ಬಂದ್

ಮಾರ್ಚ್ 9, ಬೆಳಿಗ್ಗೆ

ಕ್ಲೋರಿನ್ ಹಾಕಿದೆ. ಎಲೆ ಬಾಚಿದೆ. ಗೇಟ್ ತೆಗೆಯುವ ಮೊದಲು, ದಿನದಂತೆ, ಇವರನ್ನು ನೀರಿಗಿಳಿಸಿದೆ. ಎದೆಮಟ್ಟದ ನೀರಿನಲ್ಲಿ ಬಲಗಾಲು ಹೇಳಿದ ಮಾತು ಕೇಳುತ್ತದೆ. ನೆಲದ ಮೇಲೆ ಕೇಳುವುದಿಲ್ಲ. ಸ್ಟ್ರೋಕ್ ಆದಾಗಿನಿಂದ ಹೀಗೇ. ಅಷ್ಟು ವರ್ಷ ಬಸ್ ಓಡಿಸಿದ ಮನುಷ್ಯ, ಈಗ ಕುರ್ಚಿ ಬಿಟ್ಟು ಏಳಲು ಹೆದರುತ್ತಾರೆ. "ನೀರಲ್ಲಾದ್ರೆ ಬಿದ್ರೂ ನೋವಾಗಲ್ಲ" ಅನ್ನುತ್ತಾರೆ. ಡಾಕ್ಟರದು ಒಂದೇ ಮಾತು — ಗ್ಯಾಪ್ ಕೊಡಬೇಡಿ, ಕಾಲು ಬಿಗಿದುಕೊಂಡರೆ ಮತ್ತೆ ನಡೆಸುವುದು ಕಷ್ಟ.

ಗುಡ್ಡದ ಕಡೆ ಹೊಗೆ. ಕಾಡಿಗೆ ಬೆಂಕಿ ಬಿದ್ದಿದೆಯಂತೆ.

ಮಾರ್ಚ್ 11

ಕಾಡಿನ ಬೆಂಕಿ, ಹೊಗೆ ಅಂತ ಪುರಸಭೆಯ ತುರ್ತು ಆರ್ಡರ್ ಬಂತು. ಪಾರ್ಕ್, ಮೈದಾನ, ಈಜುಕೊಳ ಎಲ್ಲ ಬಂದ್. ಐದು ಜನ ಒಟ್ಟಿಗೆ ಸೇರುವಂತಿಲ್ಲ. "ಮುಂದಿನ ಆದೇಶದವರೆಗೆ ಯಾರೂ ಈಜುಕೊಳವನ್ನು ಪ್ರವೇಶಿಸತಕ್ಕದ್ದಲ್ಲ." ಕೆಳಗೆ ಅಧ್ಯಕ್ಷೆಯ ಸಹಿ. ಅಧ್ಯಕ್ಷೆ ಯಾರು? ನನ್ನ ನಾದಿನಿ. ಇವರ ಒಡಹುಟ್ಟಿದ ತಂಗಿ! ಕೊಳ ನೋಡಿಕೊಳ್ಳುವವಳು ನಾನು, ಗೇಟಿಗೆ ನಾನೇ ಅಂಟಿಸಬೇಕು. ಅಂಟಿಸಿದೆ. ಸಿಟ್ಟಿಗೆ ಗೋಂದು ಜಾಸ್ತಿಯೇ ಬಳಿದೆ.

ಫೋನ್ ಮಾಡಿದೆ. "ಬೆಳಿಗ್ಗೆ ಅರ್ಧ ಗಂಟೆ, ಇವರೊಬ್ಬರೇ. ನಿಂಗೆ ಪವರ್ ಇದೆಯಲ್ಲ, ಒಂದು ವಿನಾಯಿತಿ ಬರಿ."

"ಪವರ್ ಇದೆ ಅತ್ತಿಗೆ. ಅದಕ್ಕೇ ಭಯ. ಇವತ್ತು ನಮ್ಮಣ್ಣನಿಗೆ ಕೊಟ್ರೆ ನಾಳೆ ಊರೆಲ್ಲ ಬಾಗಿಲಿಗೆ ಬರುತ್ತೆ. ಯಾವ ಮುಖ ಇಟ್ಕೊಂಡು ಇಲ್ಲ ಅನ್ಲಿ?"

ನ್ಯಾಯವಾದ ಮಾತೇ. ಅದಕ್ಕೇ ಮೈಯೆಲ್ಲ ಉರಿಯಿತು. ಪಟ್ಟಂತ ಫೋನ್ ಇಟ್ಟೆ.

ಮಾರ್ಚ್ 12

ಕೀ ನನ್ನ ಹತ್ತಿರ. ಕೊಳ ನಮ್ಮ ಕ್ವಾರ್ಟರ್ಸ್ ಎದುರಿಗೇ. ಕದ್ದು ಹೋಗೋಣವಾ ಅಂತ ಇವರನ್ನು ಕೇಳಿದೆ. "ತಂಗಿ ಮರ್ಯಾದೆ ತೆಗೀಬೇಡ" ಅಂದರು. ಅಣ್ಣ ತಂಗಿ ಒಂದೇ ಅಚ್ಚು. ನಡುವೆ ನಾನೊಬ್ಬಳು ಕೆಟ್ಟವಳು.

ಮಾರ್ಚ್ 17

ಬರೆಯಲು ಮನಸ್ಸಿರಲಿಲ್ಲ. ಕಾಲು ಕೊರಡಾಗುತ್ತಿದೆ. ಗೋಡೆ ಹಿಡಿಸಿ ನಡೆಸಲು ನೋಡಿದೆ. ಎರಡು ಹೆಜ್ಜೆಗೇ ಬೆವರು, ನಡುಕ. "ಸಾಕು ಬಿಡೇ, ಇನ್ನು ಇಷ್ಟೇ" ಅಂದರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನೀರು ಪೋಲು ಮಾಡಬಾರದು ಅಂತಲೂ ಒಂದು ಆರ್ಡರ್ ಇರಬಹುದು. ಇರಲಿ.

ಮಾರ್ಚ್ 18, ಮಧ್ಯಾಹ್ನ

ಗಾಳಿ ಊರ ಕಡೆ ತಿರುಗಿದೆ. ಫೈರ್ ಇಂಜಿನ್ ಬಂತು. ಕೊಳದ ನೀರು ಬೇಕಂತೆ... ತುರ್ತಿನಲ್ಲಿ ಊರಿನ ಯಾವ ನೀರನ್ನಾದರೂ ತೆಗೆದುಕೊಳ್ಳುವ ಅಧಿಕಾರವೂ ಅಧ್ಯಕ್ಷೆಗಿದೆ. ಅವಳೇ ಬಂದಿದ್ದಳು. ಗೇಟಿನಾಚೆಯೇ ನಿಂತಳು — ಚಿಕ್ಕಂದಿನಿಂದ ನೀರೆಂದರೆ ಹೆದರಿ ಸಾಯುತ್ತಾಳೆ. ನಾನು ಮಾತಾಡಿಸಲಿಲ್ಲ. ಪೈಪ್ ಮಾತ್ರ ಇಳಿಸಿಕೊಟ್ಟೆ. ಗುಡ್ಡದ ಬುಡದಲ್ಲಿ ಮನೆಗಳಿವೆ, ಮಕ್ಕಳಿದ್ದಾರೆ. ಬೇಡ ಅನ್ನಲು ಬಾಯಿ ಬರುತ್ತದಾ?

ನೀರು ಇಳಿಯುವುದನ್ನು ಇವರು ಬಾಗಿಲಿಂದ ನೋಡುತ್ತಾ ಕೂತಿದ್ದರು.

ಮಾರ್ಚ್ 20, ಸಂಜೆ

ಬೆಂಕಿ ಆರಿದೆ. ಮನೆಗಳು ಉಳಿದವು. ಸದ್ಯ!

ಇವರಿಗೆ ಗಾಳಿಯಾಡಲಿ, ನೀರಿಲ್ಲದ ಕೊಳಕ್ಕೆ ಯಾವ ಆರ್ಡರ್ ಅಂತ ಕುರ್ಚಿಯನ್ನು ಕೊಳದ ಬೇಲಿಯೊಳಗೆ, ಮೆಟ್ಟಿಲ ಹತ್ತಿರ ಹಾಕಿ ಕೂರಿಸಿದ್ದೆ. ನಾದಿನಿ ಬಂದಳು. ಆಳದ ಕಡೆ ಉಳಿದ ನೀರು ಇನ್ನೊಂದು ಟ್ಯಾಂಕರಿಗೆ ಆಗುತ್ತದಾ ನೋಡಬೇಕಂತೆ. ತುಂಬಿಲ್ಲವೆಂಬ ಧೈರ್ಯ, ಹುಟ್ಟಿದ ಮೇಲೆ ಮೊದಲ ಸಲ ಕೊಳಕ್ಕಿಳಿದಳು. ಪಾಚಿ ಇದೆ ಅಂತ ಹೇಳಬೇಕಿತ್ತು. ಮಾತು ಬಿಟ್ಟಿದ್ದೆನಲ್ಲ, ಹೇಳಲಿಲ್ಲ. ಧೊಪ್! ಊರಿನ ಅಧ್ಯಕ್ಷೆ ಇಳಿಜಾರಿನ ಮೇಲೆ ಕಾಲು ಚಾಚಿ ಕೂತಿದ್ದಾಳೆ.

"ಅಯ್ಯೋ, ಅಣ್ಣಾ!"

ನಾನು ಚಪ್ಪಲಿ ಬಿಚ್ಚುವಷ್ಟರಲ್ಲಿ ಇವರು ಎದ್ದಿದ್ದರು. ಕಂಬಿ ಹಿಡಿದು, ಎಡಗಾಲು ಮುಂದಿಟ್ಟು, ಬಲಗಾಲು ಎಳೆದುಕೊಂಡು ಇಳಿದರು. ನೀರಿಲ್ಲದ ನೆಲ. ಬಿದ್ದರೆ ನೋವಾಗುವ ನೆಲ. ಹಿಂದೆಯೇ ಕೈ ಚಾಚಿಕೊಂಡು ಹೋದೆ, ಮುಟ್ಟಲಿಲ್ಲ.

"ಬರಬೇಡ ಅಣ್ಣ, ಜಾರುತ್ತೆ! ಯಾರೂ ಒಳಗೆ ಬರೋ ಹಾಗಿಲ್ಲ, ಆರ್ಡರ್ ಇದೆ!"

"ನೀನ್ಯಾಕೆ ಬಂದೆ ಮತ್ತೆ?" ಅಂದರು. ಕೈ ಕೊಟ್ಟರು.

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ನಾನೂ ಮಾತು ಬಿಟ್ಟದ್ದನ್ನು ಮರೆತು "ಪೆಟ್ಟಾಯ್ತೇನೇ?" ಅಂದುಬಿಟ್ಟೆ.

ಮಾರ್ಚ್ 21, ಬೆಳಿಗ್ಗೆ

ಬೆಂಕಿ ಮತ್ತೆ ಹೊತ್ತಿಕೊಳ್ಳಬಹುದಂತೆ. ಮಳೆ ಬರುವವರೆಗೆ ಕೊಳ ತುಂಬಿಸುವಂತಿಲ್ಲ, ಈಜುವಂತಿಲ್ಲ. ಹೊಸ ಆರ್ಡರ್ ಅನ್ನು ನಾದಿನಿಯೇ ಕುಂಟುತ್ತಾ ಬಂದು ಅಂಟಿಸಿದಳು. ಕೊನೆಗೊಂದು ಸಾಲು ಸೇರಿದೆ — ಖಾಲಿ ಕೊಳದಲ್ಲಿ, ನಾಲ್ಕು ಜನ ಮೀರದಂತೆ, ಬೆಳಿಗ್ಗೆ ನಡೆದಾಡಬಹುದು.

"ಇದು ವಿನಾಯಿತಿ ಅಲ್ಲ ಅತ್ತಿಗೆ. ಊರಿಗೆಲ್ಲ ಇದೇ ರೂಲ್. ಪಾಚಿ ಮಾತ್ರ ತಿಕ್ಕಿಬಿಡಿ, ಪುಣ್ಯ ಬರುತ್ತೆ."

ಪೊರಕೆ ಹುಡುಕಲು ಒಳಗೆ ಬಂದವಳು ಇದನ್ನು ಗೀಚುತ್ತಿದ್ದೇನೆ. ಇವರದು ಆಗಲೇ ಗಲಾಟೆ — ಎಷ್ಟೊತ್ತೇ, ಬೇಗ ಬಾ! ಬಾಗಿಲಲ್ಲಿ ನಿಂತು ಕೂಗುತ್ತಿದ್ದಾರೆ. ಇವರ ಕುರ್ಚಿಯ ಮೇಲೆ ನಾನು ಕೂತಿದ್ದೇನೆ. ಬಂದೆ ರೀ, ಬಂದೆ... ಈ ಪೊರಕೆ ಎಲ್ಲಿ —