ಅಭ್ಯಾಸ ಮುಗಿದ ಮೇಲೆ ‘ಬೇಡ’ ಒತ್ತಿ

ಪಠ್ಯಪುಸ್ತಕ ರಚನಾ ಸಮಿತಿಯ ಅಧ್ಯಕ್ಷರೇ,

‘ಮಾನ್ಯರೇ’ ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಪದವನ್ನು ನೀವು ಗಳಿಸಿದ ದಿನ ಮತ್ತೆ ಸೇರಿಸಿಕೊಳ್ಳೋಣ. ಕಚೇರಿ ಕೆಲಸದ ಕಂಪ್ಯೂಟರ್ ಕಲಿಸಲೆಂದು ನೀವು ರಚಿಸಿದ ‘ಮಾಡಿ ಕಲಿ’ ಪುಸ್ತಕ ನನ್ನ ಅಕ್ಕನ ಮಗಳಿಗೆ ಕಾಯಂ ಆಗಬೇಕಿದ್ದ ಕೆಲಸ ಕಳೆದಿದೆ. ತಪ್ಪು ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ. ತಪ್ಪನ್ನು ಇಷ್ಟು ಚೆನ್ನಾಗಿ ಕಲಿಸುವ ಪುಸ್ತಕ ನಾನು ಕಂಡಂತೆ ನಿಮ್ಮದೊಂದೇ. ಹನ್ನೊಂದು ವರ್ಷ ಅದನ್ನು ಚಾಚೂ ತಪ್ಪದೆ ಕಲಿಸಿದ ಲ್ಯಾಬ್ ಮೇಷ್ಟ್ರು ನಾನು, ಹಾಗಾಗಿ ಈ ಮಾತು ಆಡುವ ಅಧಿಕಾರವೂ ನನಗಿದೆ, ನಾಚಿಕೆಯೂ ಇದೆ.

ಪುಸ್ತಕವನ್ನು ನೀವು ಓದಿರಲಾರಿರಿ ಎಂಬ ನಂಬಿಕೆಯಿಂದ ಸ್ವಲ್ಪ ವಿವರಿಸುತ್ತೇನೆ. ಅದರಲ್ಲಿ ನೂರಹನ್ನೆರಡು ಅಭ್ಯಾಸಗಳಿವೆ. ಪತ್ರ ಟೈಪು ಮಾಡುವುದು, ಕೋಷ್ಟಕ ಹಾಕುವುದು, ಒಂದೇ ಪತ್ರವನ್ನು ನಲವತ್ತು ವಿಳಾಸಗಳಿಗೆ ಹೊಂದಿಸುವುದು. ಪ್ರತಿಯೊಂದರ ಕೊನೆಗೂ ದಪ್ಪಕ್ಷರದಲ್ಲಿ ಅದೇ ಸಾಲು: ‘ಕಡತ ಮುಚ್ಚಿ. ಬದಲಾವಣೆಗಳನ್ನು ಉಳಿಸಬೇಕೆ ಎಂದು ಕೇಳಿದರೆ ಬೇಡ ಎಂಬುದನ್ನು ಒತ್ತಿ.’ ಏಕೆಂದರೆ ಒಂದು ಕಂಪ್ಯೂಟರಿಗೆ ದಿನಕ್ಕೆ ಐದು ತಂಡ, ಮುಂದಿನ ತಂಡಕ್ಕೆ ಎಲ್ಲವೂ ಖಾಲಿ ಸಿಗಬೇಕು. ಮಾಡಿದ ಕೆಲಸವನ್ನು ಸೇವ್ ಮಾಡುವುದು ಕೊನೆಯ ಅಧ್ಯಾಯ. ಅದರ ನೆತ್ತಿಯ ಮೇಲೆ ‘ಸಮಯವಿದ್ದಲ್ಲಿ’ ಎಂದು ಅಚ್ಚಾಗಿದೆ. ಸಮಯ ಎಂದೂ ಇರಲಿಲ್ಲ, ಏಕೆಂದರೆ ಪರೀಕ್ಷೆಯಲ್ಲಿ ಅದರಿಂದ ಪ್ರಶ್ನೆ ಬರುವುದಿಲ್ಲ. ‘ಬೇಡ’ ಒತ್ತುವುದಕ್ಕೆ ಮಾತ್ರ ಪ್ರತಿ ಅಭ್ಯಾಸದಲ್ಲೂ ಒಂದು ಅಂಕವಿದೆ. ಅಡುಗೆ ಕಲಿಸುವ ಪುಸ್ತಕವೊಂದು ಪ್ರತಿ ಪುಟದ ಕೊನೆಗೆ ‘ಈಗ ಮಾಡಿದ್ದನ್ನು ಮೋರಿಗೆ ಸುರಿಯಿರಿ, ಮುಂದಿನವರಿಗೆ ಪಾತ್ರೆ ಬೇಕು’ ಎಂದರೆ ಬರೆದವರನ್ನು ಏನೆಂದು ಕರೆಯುತ್ತೀರಿ? ನಾವು ಅಧ್ಯಕ್ಷರು ಎಂದು ಕರೆಯುತ್ತಿದ್ದೇವೆ.

ನನ್ನ ಅಕ್ಕನ ಮಗಳು ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಆರು ವರ್ಷದಿಂದ ದಿನಗೂಲಿಗೆ ದುಡಿಯುತ್ತಾಳೆ. ಆ ಹುದ್ದೆ ಈ ಸಲ ಕಾಯಂ ಆಗುವುದಿತ್ತು. ಅದಕ್ಕೆ ಕಂಪ್ಯೂಟರ್ ಸರ್ಟಿಫಿಕೇಟ್ ಬೇಕು, ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಮುಂದಿನ ತಿಂಗಳು ಅವಳಿಗೆ ಮೂವತ್ತೈದು ದಾಟುತ್ತದೆ. ಡ್ಯೂಟಿ ಮುಗಿಸಿ, ನಿಂತು ನಿಂತು ಊದಿದ ಕಾಲಿನಲ್ಲೇ ನನ್ನ ಸಂಜೆ ತರಗತಿಗೆ ಎರಡು ವರ್ಷ ಬಂದಳು. ಎರಡನೆಯ ತಿಂಗಳಲ್ಲಿ ಒಂದು ದಿನ ಪತ್ರವೊಂದನ್ನು ಅಳಿಸದೆ ಹಾಗೇ ಉಳಿಸಿಕೊಂಡು ಕೂತಿದ್ದಳು.

“ಮಾಮ, ಎಷ್ಟು ಕಷ್ಟಪಟ್ಟು ಮಾಡಿದೀನಿ. ಇದೊಂದು ಇರ್ಲಿ ಬಿಡಿ.”

“ಲ್ಯಾಬಲ್ಲಿ ಮಾಮ ಗೀಮ ಅನ್ನೋದೆಲ್ಲ ಬೇಡ. ಪುಸ್ತಕ ಏನ್ ಹೇಳುತ್ತೋ ಅದನ್ನ ಮಾಡು” ಎಂದೆ. ಎಲ್ಲರೆದುರು ಒಂದು ಅಂಕ ಕಳೆದೆ.

ಅಲ್ಲಿಂದ ಮುಂದೆ ಅವಳು ಒಮ್ಮೆಯೂ ತಪ್ಪಲಿಲ್ಲ. ಕಡತ ಮುಚ್ಚುವುದು, ‘ಬೇಡ’ ಒತ್ತುವುದು, ಎರಡೂ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಬಿಡುತ್ತಿದ್ದವು. ಕೈ ಎಷ್ಟು ಪಳಗಿದೆ ನೋಡಿ ಎಂದು ಬೇರೆ ವಿದ್ಯಾರ್ಥಿಗಳಿಗೆ ತೋರಿಸಿ ನಾನೇ ಹೆಮ್ಮೆಪಟ್ಟೆ. ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೇಳು ಬಂತು.

ಆಸ್ಪತ್ರೆಯ ಪರೀಕ್ಷೆಯಲ್ಲಿ ಹದಿನೆಂಟು ಜನರಿದ್ದರು. ನಲವತ್ತು ರೋಗಿಗಳಿಗೆ ತಪಾಸಣೆಯ ದಿನಾಂಕ ತಿಳಿಸುವ ಪತ್ರ ಸಿದ್ಧಪಡಿಸಬೇಕಿತ್ತು, ಸಮಯ ಒಂದು ಗಂಟೆ. ಇವಳು ನಲವತ್ತು ನಿಮಿಷಕ್ಕೆ ಮುಗಿಸಿದಳು. ಎರಡು ಸಲ ಓದಿ ನೋಡಿದಳು. ಮುಚ್ಚಿದಳು. ಉಳಿಸಬೇಕೆ ಎಂದು ಕಂಪ್ಯೂಟರ್ ಕೇಳಿತು. ಗಂಟೆ ಮುಗಿದ ಮೇಲೆ ಪರೀಕ್ಷಕರು ಬಂದು ಹುಡುಕಿದರು.

“ನಿಮ್ಮ ಫೈಲೇ ಇಲ್ವಲ್ಲಮ್ಮ.”

“ಮಾಡಿದೀನಿ ಸರ್. ನೀವೇ ಹಿಂದೆ ನಿಂತು ನೋಡಿದ್ರಲ್ಲ.”

“ನೋಡಿದೆ. ಆದ್ರೆ ಇಲ್ಲದೇ ಇರೋದಕ್ಕೆ ನಾನು ಮಾರ್ಕ್ಸ್ ಹೇಗೆ ಹಾಕ್ಲಿ?”

ಮನೆಗೆ ಬಂದು ನನ್ನೆದುರು ಕೂತು, “ಕೈ ತಾನಾಗೇ ಹೋಯ್ತು ಮಾಮ” ಎಂದಳು.

ಇದನ್ನೇ ಹೇಳಿಕೊಳ್ಳಲು ನಿಮ್ಮ ಕಚೇರಿಗೆ ಬಂದಿದ್ದೆ, ನೆನಪಿರಬಹುದು. ನಿಮ್ಮ ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಹೊದಿಕೆ ಹೊದಿಸಿತ್ತು, ಹೊದಿಕೆಯ ಮೇಲೆ ಧೂಳಿತ್ತು, ಧೂಳಿನ ಮೇಲೆ ನಿಮ್ಮ ಕನ್ನಡಕದ ಡಬ್ಬಿ ಇತ್ತು. “ಅಭ್ಯಾಸ ಯಾವ್ದು, ಪರೀಕ್ಷೆ ಯಾವ್ದು ಅಂತ ಗೊತ್ತಾಗ್ಬೇಡ್ವೇನ್ರೀ? ಒಂಚೂರು ಸಾಮಾನ್ಯ ಜ್ಞಾನ ಬೇಕು” ಎಂದಿರಿ. ಒಪ್ಪಿದೆ. ಅದು ಎಷ್ಟನೆಯ ಅಧ್ಯಾಯದಲ್ಲಿದೆ ಸ್ವಾಮಿ? ಒಂದೇ ಕೆಲಸವನ್ನು ನೂರಹನ್ನೆರಡು ಸಲ ಕೈಯಿಂದ ಮಾಡಿಸಿ, ಮಾಡದವರ ಅಂಕ ಕಳೆದು, ಆಮೇಲೆ ಆ ಕೈ ನೀವು ಹೇಳಿದ್ದನ್ನೇ ಮಾಡಿದಾಗ ತಲೆ ಎಲ್ಲಿತ್ತು ಎಂದು ಕೇಳುವುದಕ್ಕೆ ಎಂಥ ಗಟ್ಟಿ ಚರ್ಮ ಬೇಕು? ಕಲಿಯಲಾರದ ದಡ್ಡರು ನಿಮ್ಮ ಪುಸ್ತಕದಿಂದ ಬಚಾವಾದರು. ಹಾಳಾದದ್ದು ಶ್ರದ್ಧೆಯಿಂದ ಕಲಿತವಳು.

ಈಗ ತಾತ್ಕಾಲಿಕ ಪಟ್ಟಿಯಲ್ಲಿ ಆಯ್ಕೆಯಾದ ಹೊಸಬಳಿಗೆ ದಾಖಲೆ ಕೋಣೆಯ ಕೆಲಸ ಹೇಳಿಕೊಡುವಂತೆ ಇವಳಿಗೇ ಆದೇಶವಾಗಿದೆ. ಹೇಳಿಕೊಡುತ್ತಿದ್ದಾಳೆ. ಪುಸ್ತಕವಿಲ್ಲದೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಮೊದಲ ದಿನವೇ ಸೇವ್ ಮಾಡುವುದರಿಂದ ಶುರುಮಾಡಿ. ಆ ಹುಡುಗಿ ನಾಲ್ಕು ದಿನದಲ್ಲಿ ಕಲಿತಳಂತೆ.

ಆಯ್ಕೆ ಪಟ್ಟಿ ಸೋಮವಾರ ಸಂಜೆ ಐದಕ್ಕೆ ಅಂತಿಮವಾಗುತ್ತದೆ. “ಪುಸ್ತಕದ ಕಡೆಯವ್ರು ಬರೆದುಕೊಟ್ರೆ ಇನ್ನೊಂದ್ಸಲ ಕೂರಿಸ್ತೀವಿ. ನಿಮ್ಮ ಮಾತು ನಡೆಯಲ್ಲ, ನೀವು ಸೋದರಮಾವ” ಎಂದಿದ್ದಾರೆ ಆಸ್ಪತ್ರೆಯ ಆಡಳಿತಾಧಿಕಾರಿ. ಹೊಸ ಆವೃತ್ತಿ, ಉಪಸಮಿತಿ, ವಿಷಾದದ ಹೇಳಿಕೆ ಯಾವುದನ್ನೂ ನಾನು ಕೇಳುತ್ತಿಲ್ಲ. ‘ಈ ಅಭ್ಯರ್ಥಿ ಮಾಡಿದ್ದು ನಮ್ಮ ಪುಸ್ತಕ ಕಲಿಸಿದ್ದನ್ನೇ’ ಎಂಬ ಒಂದು ಸಾಲು, ಅದರ ಕೆಳಗೆ ನಿಮ್ಮ ಸಹಿ. ಟೈಪು ಮಾಡಲು ಬಾರದಿದ್ದರೆ ಕೈಯಲ್ಲೇ ಬರೆಯಿರಿ, ನಡೆಯುತ್ತದೆ.

ಅಕ್ಕ ನನ್ನೊಡನೆ ಮಾತು ಬಿಟ್ಟು ಒಂಬತ್ತು ದಿನವಾಯಿತು. ಮಗಳು ಮಾತ್ರ, “ನೀವೇನ್ ಮಾಡ್ತೀರಾ ಮಾಮ, ಇದ್ದಿದ್ದನ್ನ ಕಲಿಸಿದ್ರಿ” ಎಂದು ನನ್ನನ್ನು ಕ್ಷಮಿಸಿಬಿಟ್ಟಿದ್ದಾಳೆ. ಅವಳಷ್ಟು ಒಳ್ಳೆಯವನು ನಾನಲ್ಲ. ಸೋಮವಾರ ರಜೆ ಹಾಕಿ ಬೆಳಗ್ಗೆಯಿಂದ ಐದು ಗಂಟೆಯ ತನಕ ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ, ಪಕ್ಕದಲ್ಲಿ ಅವಳನ್ನೂ ಕೂರಿಸಿಕೊಂಡು. ಸಹಿ ಹಾಕುವುದಿಲ್ಲ ಎನ್ನುವುದಾದರೆ ಆಚೆ ಬಂದು ಅವಳ ಮುಖ ನೋಡಿ ಹೇಳಿ.

ಇಂತಿ,
ನಾಳೆ ಬೆಳಗ್ಗೆ ಹತ್ತಕ್ಕೆ ಮತ್ತದೇ ಪುಸ್ತಕ ತೆರೆಯಬೇಕಾದ
ಒಬ್ಬ ಲ್ಯಾಬ್ ಮೇಷ್ಟ್ರು