ತೊಂಬತ್ತೆಂಟು ಪೌಂಡ್

ಫಾರ್ಮಿಂಗ್ಟನ್, ನ್ಯೂ ಮೆಕ್ಸಿಕೊ
೧೯ ಮಾರ್ಚ್ ೨೦೧೯, ಮಂಗಳವಾರ

ಪ್ರೀತಿಯ ತಂಗಿ ಲೋರ್ನಾಳಿಗೆ,

ನಿನ್ನ ಅಕ್ಕ ಮಾರ್ವಾ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರೋ ಹೋದರು ಅಂದುಕೊಂಡಿರುತ್ತೀಯ. ಯಾರೂ ಹೋಗಿಲ್ಲ. ಉತ್ತರ ತಡವಾಯಿತು, ಕ್ಷಮಿಸು ಎಂದು ಬರೆಯುವುದು ವಾಡಿಕೆ. ಹನ್ನೊಂದು ವರ್ಷ ತಡ ಮಾಡಿದವಳು ಆ ಮಾತು ಬರೆದರೆ ನಿನಗೆ ನಗು ಬಂದೀತು. ಆದರೂ ಬರೆಯುತ್ತೇನೆ, ಕ್ಷಮಿಸು. ಪ್ರತಿ ಕ್ರಿಸ್‌ಮಸ್‌ಗೂ ನಿನ್ನ ಕಾರ್ಡ್ ಬರುತ್ತಿತ್ತು. ಒಂದನ್ನೂ ಒಡೆಯಲಿಲ್ಲ, ಎಸೆಯಲೂ ಇಲ್ಲ. ಮೊನ್ನೆ ಭಾನುವಾರ ಹನ್ನೊಂದನ್ನೂ ಅಡಿಗೆಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಒಡೆದೆ. ನಾನು ಹೆದರಿದ್ದ ಮಾತು ಯಾವುದರಲ್ಲೂ ಇರಲಿಲ್ಲ. ಈ ಸಲ ಪೀಚ್ ಹಣ್ಣು ಚೆನ್ನಾಗಿ ಬಿಟ್ಟಿದೆ, ಪಕ್ಕದ ಮನೆಯ ಹುಂಜ ನಿದ್ದೆ ಮಾಡಲು ಬಿಡುವುದಿಲ್ಲ, ಹೊಸ ಕನ್ನಡಕ ಬಂತು, ಇಂಥವೇ.

ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ ಮೊದಲ ವಾರ ರಸೆಲ್ ನಮ್ಮನ್ನೆಲ್ಲ ಮನೆಗಾಡಿಯಲ್ಲಿ ಯೂಟಾದ ಕಣಿವೆಗಳಿಗೆ ಕರೆದುಕೊಂಡು ಹೋಗುತ್ತಾನಲ್ಲ, ಆ ಗಾಡಿಗೆ ನೀನೂ ಹತ್ತುವವಳು ಎಂಬುದು ನನಗೆ ಗೊತ್ತಾಗಿದೆ. ಫೋನ್ ಮಾಡಿ ಅವನನ್ನು ಬೈಯಬೇಡ. ನನಗೆ ಗೊತ್ತಾದದ್ದು ಅವನಿಗಿನ್ನೂ ಗೊತ್ತಿಲ್ಲ. ನನ್ನ ಜೊತೆ ಒಂದೇ ಗಾಡಿಯಲ್ಲಿ ಒಂಬತ್ತು ದಿನ ಇರಬೇಕೋ ಬೇಡವೋ ಎಂಬುದನ್ನು ಈ ಕಾಗದ ಕೊನೆಯವರೆಗೆ ಓದಿ ನೀನೇ ತೀರ್ಮಾನ ಮಾಡು. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಫೆಬ್ರವರಿಯ ಒಂದು ಭಾನುವಾರ. ನಿನ್ನ ಮುದ್ದಿನ ರಸೆಲ್, ನನ್ನ ಮಗರಾಯ, ಹೆಂಡತಿ ಮಗಳ ಸಮೇತ ಊಟಕ್ಕೆ ಬಂದಿದ್ದ. ಹಸಿಮೆಣಸಿನ ಸಾರು, ಹಂದಿಮಾಂಸ, ಬೀನ್ಸ್ ಕಾಳು ಎಲ್ಲ ಮಾಡಿದ್ದೆ. ಎರಡು ಸಲ ಹಾಕಿಸಿಕೊಂಡು ತಿಂದು, ಬಾಯಿ ಒರೆಸಿಕೊಂಡು ಮೆಲ್ಲಗೆ ತೆಗೆದ.

“ಅಮ್ಮ, ಎಲ್ರೂ ಒಂದ್ಸಲ ಒಟ್ಟಿಗೆ ಹೋಗ್ಬರೋಣ. ಮೂವತ್ತೊಂದು ಅಡಿ ಗಾಡಿ ಬಾಡಿಗೆಗೆ ನೋಡಿದೀನಿ. ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್.”

“ಯಾಕೆ?”

“ಯಾಕೆ ಅಂದ್ರೆ? ರಜಾ ಇದೆ, ಹೋಗೋದಪ್ಪ.”

“ನಿಮ್ಮಪ್ಪ ಹೋದ್ಮೇಲೆ ಆ ಕಡೆ ತಲೆ ಹಾಕಿಯೂ ಮಲಗಿದವನಲ್ಲ ನೀನು. ಈಗೇನು ಬಂತು ದೊಡ್ಡರೋಗ?”

ಅವನು ಎದ್ದು ಹೋಗಿ ಪಾತ್ರೆ ತೊಳೆದ! ಲೋರ್ನಾ, ಅವನಿಗೆ ನಲವತ್ನಾಲ್ಕು ವಯಸ್ಸು. ನನ್ನ ಮನೆಯಲ್ಲಿ ಅವನು ಪಾತ್ರೆ ಮುಟ್ಟಿದ್ದು ಅದೇ ಮೊದಲು. ಅತಿ ವಿನಯಂ ಧೂರ್ತ ಲಕ್ಷಣಂ. ಇಪ್ಪತ್ತಾರು ವರ್ಷ ಶಾಲೆ ಬಸ್ ಓಡಿಸಿದವಳು ನಾನು. ತಲೆ ಮೇಲಿನ ಕನ್ನಡಿಯಲ್ಲಿ ಮುಖ ನೋಡಿಯೇ ಯಾರ ಚೀಲದೊಳಗೆ ಕಪ್ಪೆ ಇದೆ ಅಂತ ಹೇಳುತ್ತಿದ್ದೆ. ಇವನ ಚೀಲದಲ್ಲಿ ಏನೋ ಇದೆ ಅಂತ ಅವತ್ತೇ ಗೊತ್ತಾಯಿತು.

ಸೊಸೆ ಕೆಂಡ್ರಾ ನಿನಗೆ ಗೊತ್ತಲ್ಲ, ಪಟ್ಟಿ ಮಾಡದೆ ನೀರೂ ಕುಡಿಯುವವಳಲ್ಲ. ಗಾಡಿ ನಿಲ್ಲಿಸುವ ಜಾಗ ಹಿಡಿಯಬೇಕಾದರೆ ಆರು ತಿಂಗಳ ಮುಂಚೆ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಕಂಪ್ಯೂಟರ್ ಮುಂದೆ ಕೂತಿರಬೇಕು, ಎರಡು ನಿಮಿಷ ತಡವಾದರೂ ಎಲ್ಲ ಖಾಲಿ. ಅವಳು ಕೆಲಸಕ್ಕೆ ರಜೆ ಹಾಕಿ ಕೂತಳು. ನಾನು ಹಿಂದೆ ನಿಂತು ಕಾಫಿ ಕುಡಿಯುತ್ತ ನೋಡುತ್ತಿದ್ದೆ. ಕ್ಯಾಪಿಟಲ್ ರೀಫ್‌ನ ಹಣ್ಣಿನ ತೋಟದ ಪಕ್ಕದ ಜಾಗ ಸಿಕ್ಕಿತು. ಆದರೆ ಆ ಜಾಗದ ಸಂಖ್ಯೆಯ ಪಕ್ಕ ಗಾಲಿಕುರ್ಚಿಯ ಗುರುತಿತ್ತು. ಬ್ರೈಸ್‌ನದಕ್ಕೂ ಅದೇ ಗುರುತು, ಮೂರನೆಯದಕ್ಕೂ ಅದೇ.

ನನ್ನ ಪಿತ್ತ ನೆತ್ತಿಗೇರಿತು. “ಯಾರಿಗಮ್ಮ ಇದು? ನನಗಾ? ನನ್ನ ಮಂಡಿ ಇನ್ನೂ ಗಟ್ಟಿಯಾಗಿದೆ!” ಅಂದು ಅವರ ಮನೆ ಮೆಟ್ಟಿಲು ಮೂರು ಸಲ ಹತ್ತಿ ಇಳಿದು ತೋರಿಸಿದೆ. ಮೂರನೆಯ ಸಲ ಏದುಸಿರು ಬಂತು, ಅದು ಬೇರೆ ಮಾತು.

“ಅಯ್ಯೋ ಅತ್ತೆ, ಖಾಲಿ ಇದ್ದದ್ದು ಅದೊಂದೇ,” ಅಂದಳು ಕೆಂಡ್ರಾ.

“ಎಂಟು ಗಂಟೆ ಹೊಡೆದು ಇನ್ನೂ ಅರ್ಧ ನಿಮಿಷ ಆಗಿಲ್ಲ. ಅಷ್ಟರಲ್ಲಿ ಖಾಲಿಯಾಯ್ತಾ? ಅಂಗವಿಕಲರ ಪಾಸ್ ಇಲ್ದೆ ಆ ಜಾಗಕ್ಕೆ ಹೋದ್ರೆ ಎಬ್ಬಿಸಿ ಕಳಿಸ್ತಾರೆ. ನಮ್ಮಲ್ಲಿ ಯಾರತ್ರ ಇದೆ ಪಾಸ್?”

“ನಿಮ್ಮ ಮಗನ್ನ ಕೇಳಿ,” ಅಂದಳು, ಕಿವಿಯೆಲ್ಲ ಕೆಂಪು ಮಾಡಿಕೊಂಡು. ಮಗನನ್ನು ಕೇಳಿದರೆ, ಕೆಂಡ್ರಾನ ಕೇಳಮ್ಮ ಅಂದ.

ನನಗೆ ಮೊದಲು ಬಂದ ಅನುಮಾನ ಏನು ಗೊತ್ತಾ? ಇವರು ನನ್ನನ್ನು ಯಾವುದೋ ವೃದ್ಧಾಶ್ರಮಕ್ಕೆ ಸೇರಿಸುವುದಕ್ಕೆ ಮುಂಚೆ ಊರು ತೋರಿಸಿ ಸಮಾಧಾನ ಮಾಡುತ್ತಿದ್ದಾರೆ ಅಂತ. ಎರಡು ದಿನ ಯಾರ ಫೋನನ್ನೂ ಎತ್ತಲಿಲ್ಲ. ಆಮೇಲೆ ಯಾರು ಎಲ್ಲಿ ಮಲಗುವುದು ಎಂಬ ಚೀಟಿ ಬಂತು. ಚಾಲಕನ ತಲೆಯ ಮೇಲಿನ ಅಟ್ಟದಲ್ಲಿ, ಏಣಿ ಹತ್ತಿ, ನಾನೂ ಮೊಮ್ಮಗಳು ಪೈಪರೂ. ಊಟದ ಮೇಜು ಮಡಚಿ ಹಾಕಿದರೆ ಆಗುವ ಹಾಸಿಗೆಯಲ್ಲಿ ರಸೆಲ್, ಕೆಂಡ್ರಾ. ಹಿಂದಿನ ದೊಡ್ಡ ಹಾಸಿಗೆ, ಕಕ್ಕಸಿನ ಪಕ್ಕದ್ದು, ಅದಕ್ಕೆ ಯಾರ ಹೆಸರೂ ಇಲ್ಲ. ನಡೆಯಲಾರದ ಮುದುಕಿಯನ್ನು ಯಾರಾದರೂ ಏಣಿ ಹತ್ತಿಸುತ್ತಾರಾ? ಅಂದಮೇಲೆ ಗಾಲಿಕುರ್ಚಿ ನನಗಲ್ಲ. ಇನ್ನು ಯಾರಿಗೆ?

ದಾರಿಯೂ ಸರಿಯಿರಲಿಲ್ಲ. ಇಲ್ಲಿಂದ ಹೊರಟವರು ನೇರ ಮೋಆಬ್ ಊರಿನ ಮೂಲಕ ಹೋಗದೆ, ಉತ್ತರಕ್ಕೆ ಗ್ರ್ಯಾಂಡ್ ಜಂಕ್ಷನ್‌ವರೆಗೆ ಹೋಗಿ ಮತ್ತೆ ಕೆಳಗಿಳಿಯುವುದಂತೆ. “ಮೂಗು ಹಿಡಿಯೋಕೆ ತಲೆ ಸುತ್ತಿ ಕೈ ತರ್ತೀಯಲ್ಲೋ,” ಅಂದೆ. “ಅಲ್ಲಿ ಪೆಟ್ರೋಲ್ ಅಗ್ಗ ಅಮ್ಮ,” ಅಂದ. ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಯಾರಿದ್ದಾರೆ ಅಂತ ನನಗೆ ಗೊತ್ತಿಲ್ಲವೇ? ಆದರೆ ನಿನ್ನ ಹೆಸರನ್ನು ಮನಸ್ಸಿನಲ್ಲೂ ಆಡಿಕೊಳ್ಳದೆ ಹನ್ನೊಂದು ವರ್ಷ ಅಭ್ಯಾಸವಾಗಿಬಿಟ್ಟಿತ್ತು. ಅದೂ ಅಲ್ಲದೆ, ಗಾಲಿಕುರ್ಚಿಗೂ ನಿನಗೂ ಏನು ಸಂಬಂಧ?

ಕೊನೆಗೆ ಸಿಕ್ಕಿಬಿದ್ದದ್ದು ತೂಕದಿಂದ. ಗಾಡಿ ಇಂತಿಷ್ಟೇ ಭಾರ ಹೊರುವುದು, ಹೆಚ್ಚಾದರೆ ಇಳಿಜಾರಿನಲ್ಲಿ ಬ್ರೇಕು ನಿಲ್ಲುವುದಿಲ್ಲ. ಅದಕ್ಕೆ ತೊಟ್ಟಿಯ ನೀರಿನಿಂದ ಹಿಡಿದು ಬಾಣಲೆಯವರೆಗೆ ಎಲ್ಲದರ ಭಾರ ಕೂಡಿಸಬೇಕು, ಮನುಷ್ಯರದ್ದೂ ಸೇರಿಸಿ. ಕೆಂಡ್ರಾ ಬಂದು ಕೇಳಿದಳು, “ಅತ್ತೆ, ತಪ್ಪು ತಿಳ್ಕೋಬೇಡಿ, ನಿಮ್ಮ ತೂಕ ಎಷ್ಟು?”

“ನಿಮ್ಮ ಮಾವನಿಗೇ ಹೇಳಿರ್ಲಿಲ್ಲ, ನಿನಗೆ ಹೇಳ್ತೀನಾ? ಅಂದಾಜಿನ ಮೇಲೆ ಬರ್ಕೋ.”

ಶನಿವಾರ ಅವರ ಮನೆಗೆ ಹೋದಾಗ ಆ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು. ರಸೆಲ್ ೨೧೪. ಕೆಂಡ್ರಾ ೧೫೧. ಪೈಪರ್ ೬೩. ಅತ್ತೆ ೧೮೫. ನೋಡು, ಎಷ್ಟು ಧೈರ್ಯ ಅವಳಿಗೆ! ಅದರ ಕೆಳಗೆ ಹೆಸರಿಲ್ಲದ ಒಂದು ಸಾಲು: ೯೮. ಅದರ ಕೆಳಗೆ: ಕುರ್ಚಿ ೩೪.

“ಈ ತೊಂಬತ್ತೆಂಟು ಪೌಂಡ್ ಯಾರು?” ಅಂದೆ.

ಕೆಂಡ್ರಾ ಕ್ಯಾರೆಟ್ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. “ಅದು... ಸಾಮಾನು ಅತ್ತೆ.”

“ಸಾಮಾನಿಗೆ ಕುರ್ಚಿ ಬೇಕಾ?”

“ನಾನೇನೂ ಮುಚ್ಚಿಡ್ತಿಲ್ಲಪ್ಪ.”

“ಮುಚ್ಚಿಡ್ತಿದೀಯ ಅಂತ ನಾನೆಲ್ಲಿ ಅಂದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡ. ಯಾರು ಅಂತ ಹೇಳು.”

ಅವಳು ಹೆಚ್ಚಿದ ಕ್ಯಾರೆಟ್ಟನ್ನೆಲ್ಲ ಬಟ್ಟಲಿಗೆ ತಳ್ಳಿದಳು. ಆಮೇಲೆ, “ಲೋರ್ನಾ ಚಿಕ್ಕಮ್ಮ,” ಅಂದಳು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. “ಸುಳ್ಳು ಹೇಳಿದ್ರೂ ಹೊಂದೋ ಹಾಗೆ ಹೇಳಬೇಕಮ್ಮ. ಲೋರ್ನಾ ತೊಂಬತ್ತೆಂಟಾ? ಚಿಕ್ಕವಳಿದ್ದಾಗ್ಲೇ ಅವಳ ಹಳೇ ಅಂಗಿ ನನಗೆ ದೊಗಳೆ ಆಗ್ತಿತ್ತು. ಅಕ್ಕನಿಗೆ ತಂಗಿ ಅಂಗಿ! ಅವಳ ಒಂದು ಕಾಲೇ ಅಷ್ಟು ತೂಗುತ್ತೆ.”

ಕೆಂಡ್ರಾ ನಗಲಿಲ್ಲ. ಕೈ ಒರೆಸಿಕೊಂಡು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದಳು.

ಎಲ್ಲ ಹೇಳಿದಳು. ಸ್ನಾಯುಗಳು ಒಂದೊಂದಾಗಿ ಕೈಕೊಡುವ ಕಾಯಿಲೆ, ಎರಡು ವರ್ಷವಾಯಿತು, ಮೊದಲು ಬಲಗಾಲು, ಆಮೇಲೆ ಎಡಗಾಲು. ಸೆಪ್ಟೆಂಬರ್ ಹೊತ್ತಿಗೆ ಕೂರಬಹುದು, ಮಾತಾಡಬಹುದು, ಮುಂದಿನ ವರ್ಷದ ಮಾತು ಬೇಡ ಅಂದರಂತೆ ಡಾಕ್ಟರು. ರಸೆಲ್ ಎರಡು ವರ್ಷದಿಂದ ತಿಂಗಳಿಗೊಮ್ಮೆ ನಿನ್ನಲ್ಲಿಗೆ ಬರುತ್ತಿದ್ದನಂತೆ. ಮೀನು ಹಿಡಿಯಲು ಹೋಗುತ್ತೇನೆ ಅಂತ ನನಗೆ ಹೇಳಿ ಹೋಗುತ್ತಿದ್ದ. ಒಂದು ಮೀನೂ ಮನೆಗೆ ಬಂದದ್ದಿಲ್ಲ! ಅದನ್ನು ಮಾತ್ರ ನಾನು ಅನುಮಾನಿಸಲೇ ಇಲ್ಲ.

“ನಿಮ್ಮನ್ನ ಮೊದಲು ಗಾಡಿಗೆ ಹತ್ತಿಸ್ಕೊಂಡು, ಆಮೇಲೆ ಚಿಕ್ಕಮ್ಮನ ಮನೆ ಮುಂದೆ ನಿಲ್ಲಿಸೋದು ಅಂತ ಇತ್ತು,” ಅಂದಳು. “ಮಧ್ಯ ಮರುಭೂಮೀಲಿ ಇಳಿದು ಅಮ್ಮ ಎಲ್ಲಿಗೆ ಹೋಗ್ತಾಳೆ ಅಂದ್ರು ರಸೆಲ್. ಚಿಕ್ಕಮ್ಮ ಒಪ್ಕೊಳ್ಳೋಕೇ ಆರು ತಿಂಗಳು ಬೇಕಾಯ್ತು. ‘ಅಕ್ಕ ಬೈದ್ರೆ ಬೈಸ್ಕೋತೀನಿ, ಅಯ್ಯೋ ಪಾಪ ಅಂದ್ರೆ ಮಾತ್ರ ವಾಪಸ್ ಕಳಿಸಿಬಿಡಿ’ ಅಂದ್ರು.”

ಅದನ್ನು ಕೇಳಿ ನಾನು ಅವರ ಅಡಿಗೆಮನೆಯಲ್ಲಿ ಕೂತು ಅತ್ತೆ. ರಸೆಲ್‌ಗೆ ಸದ್ಯಕ್ಕೆ ಏನೂ ಹೇಳಬೇಡ ಅಂತ ಕೆಂಡ್ರಾಳಿಂದ ಮಾತು ತೆಗೆದುಕೊಂಡು, ಮನೆಗೆ ಬಂದು ಮತ್ತೆ ಅತ್ತೆ. ಈ ಕಾಗದದಲ್ಲಿ ಪಾಪ ಅಂತ ಒಂದು ಸಲವೂ ಅಂದಿಲ್ಲ, ಗಮನಿಸು. ಬೈಯುವುದಕ್ಕೆ ಬೇಕಾದಷ್ಟಿದೆ. ನನಗೆ ಯಾಕೆ ಹೇಳಲಿಲ್ಲ? ನಾನು ಕಾರ್ಡ್ ಒಡೆಯುವುದಿಲ್ಲ ಅಂತ ನಿನಗೆ ಗೊತ್ತಿತ್ತಾ? ಹೇಳಿದ್ದರೂ ಬರುತ್ತಿರಲಿಲ್ಲ ಅಂದುಕೊಂಡೆಯಾ? ನೀನು ಹಾಗೆ ಅಂದುಕೊಂಡಿದ್ದರೆ ತಪ್ಪು ನಿನ್ನದಲ್ಲ.

ನಿನ್ನ ಭಾವ ಕ್ಲೈಡ್ ಹೋದ ದಿನದ್ದನ್ನು ನಾವಿಬ್ಬರೂ ಒಂದು ಸಲವೂ ಕೂತು ಮಾತಾಡಲಿಲ್ಲ. ಜುಲೈ ತಿಂಗಳು, ಅದೇ ಕಣಿವೆಗಳ ಪ್ರವಾಸ, ನೀನೂ ಅವನೂ ಬೆಳಗ್ಗೆ ಬಂಡೆದಾರಿ ಹತ್ತಿದಿರಿ, ನಾನು ಗಾಡಿಯಲ್ಲೇ ಉಳಿದೆ. ಇಳಿಯುವಾಗ ಅವನು ಕುಸಿದ. ನಿನ್ನ ಟೋಪಿಯನ್ನು ಅವನ ಮುಖಕ್ಕೆ ನೆರಳಾಗಿ ಹಿಡಿದು ಎರಡು ಗಂಟೆ ಕೂತಿದ್ದೆಯಂತೆ, ಪಾರ್ಕಿನ ಕಾವಲಿನವರು ಬರುವವರೆಗೆ. ನಿನ್ನ ಮುಖವೆಲ್ಲ ಸುಟ್ಟು ಬೊಬ್ಬೆ ಎದ್ದಿತ್ತು. ಅದೇ ಮುಖ ಹೊತ್ತು ನೀನು ಅಂತ್ಯಕ್ರಿಯೆಗೆ ಬಂದಾಗ, ಚರ್ಚಿನ ಊಟದ ಕೋಣೆಯಲ್ಲಿ ಐವತ್ತು ಜನರ ಮುಂದೆ ನಾನು ಕೂಗಿದೆ: “ಆ ಬಿಸಿಲಲ್ಲಿ ಕರ್ಕೊಂಡು ಹೋಗಿ ನೀನೇ ಅವನನ್ನ ಕೊಂದೆ.” ನೀನು ಏನೂ ಅನ್ನಲಿಲ್ಲ. ಮಾಡಿ ತಂದಿದ್ದ ಆಲೂಗಡ್ಡೆಯ ಪಾತ್ರೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದೆ. ರಸೆಲ್ ಬಾಗಿಲವರೆಗೆ ನಿನ್ನ ಹಿಂದೆ ಓಡಿದ.

ಇರಲಿ. ಹಿಂದಿನ ಹಾಸಿಗೆ ನಿನ್ನದು. ಗಾಡಿಯ ಮೆಟ್ಟಿಲು ಇಕ್ಕಟ್ಟು, ನಿನ್ನನ್ನು ಎತ್ತಿ ಒಳಗೆ ತರಲು ರಸೆಲ್ ಒಬ್ಬನೇ ಸಾಲದು. ನಾನೊಂದು ಕಡೆ ಹಿಡಿಯುತ್ತೇನೆ. ಶಾಲೆ ಬಸ್ಸಿನಲ್ಲಿ ಕಾಲಿಲ್ಲದ ಮಕ್ಕಳನ್ನು ಎತ್ತಿ ಅಭ್ಯಾಸವಿದೆ. ದಪ್ಪ ಸ್ವೆಟರ್ ತಾ, ಬ್ರೈಸ್‌ನಲ್ಲಿ ಸಂಜೆ ಚಳಿ. ಹೂವಿನ ಗಿಡಗಳಿಗೆ ನೀರು ಹಾಕಲು ಯಾರಿಗಾದರೂ ಹೇಳಿ ಬಾ.

ದೇವರು ನಿನಗೆ ಶಕ್ತಿ ಕೊಡಲಿ. ಊಟ ಬಿಡಬೇಡ.

ಇಂತಿ ನಿನ್ನ ಅಕ್ಕ,
ಮಾರ್ವಾ

ತಾ.ಕ.: ನಿನ್ನನ್ನು ನೋಡಿಕೊಳ್ಳುವ ಹೆಂಗಸು ಇದನ್ನು ಓದಿ ಹೇಳುತ್ತಿದ್ದರೆ ಅವಳನ್ನು ಆಚೆ ಕಳಿಸು ಅಂತ ಬರೆಯಬೇಕೆಂದಿದ್ದೆ. ಬೇಡ, ಅವಳೂ ಕೇಳಲಿ. ಹಿಂದಿನ ದಿನ ಸಂಜೆ ಕ್ಲೈಡ್ ಗಾಡಿಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತಿದ್ದ. ಎಡಗೈ ಜೋಮು ಹಿಡಿದಿದೆ ಅಂದ. “ಲೋರ್ನಾಗೆ ಹೇಳ್ಬೇಡ ಕಣೇ, ನಾಳೆ ಹತ್ತೋದು ಬೇಡ ಅಂತಾಳೆ,” ಅಂದ. ಬೆಳಗ್ಗೆ ನೀನು ಬಾಗಿಲಲ್ಲಿ ನಿಂತು ಕೇಳಿದೆ, “ಅಕ್ಕ, ಭಾವನ ಮುಖ ಯಾಕೋ ಬಾಡಿದೆ. ಕರ್ಕೊಂಡು ಹೋಗ್ಲಾ, ಬೇಡ್ವಾ?” ರಾತ್ರಿಯೆಲ್ಲ ಅವನ ಜೊತೆ ಜಗಳವಾಡಿದ್ದೆ. ಹೊದಿಕೆಯೊಳಗಿಂದಲೇ ಹೇಳಿದೆ, “ಗುಂಡುಕಲ್ಲಿನ ಹಾಗಿದ್ದಾನೆ, ಅವನಿಗೇನು ಧಾಡಿ? ಕರ್ಕೊಂಡು ಹೋಗು, ನನಗೊಂದಿಷ್ಟು ನೆಮ್ಮದಿ ಸಿಗ್ಲಿ.”

ನೀನು ನನ್ನನ್ನು ಕೇಳಿಯೇ ಕರೆದುಕೊಂಡು ಹೋದದ್ದು. ಚರ್ಚಿನಲ್ಲಿ ಆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಅಂತ ಹನ್ನೊಂದು ವರ್ಷ ನಿನ್ನನ್ನೇ ಅನುಮಾನಿಸಿ ಬದುಕಿದೆ. ಎದೆನೋವಿನ ವಿಷಯ ನಿನಗೆ ಗೊತ್ತಾಗುತ್ತಿರುವುದು ಈಗಲೇ. ರಸೆಲ್‌ಗೆ ಈ ಭಾನುವಾರ ಹೇಳುತ್ತೇನೆ. ಕೇಳಿದ ಮೇಲೆ ಅವನು ನನ್ನನ್ನು ಗಾಡಿಗೆ ಹತ್ತಿಸದೆ ಇರಬಹುದು. ಹಾಗಾದರೂ ನೀನು ಹೋಗಿ ಬಾ.