ರೇಡಿಯೋದಲ್ಲಿ ಓದದೆ ಬಿಟ್ಟ ಹಾಳೆ

ರೋಣ
೭-೧೦-೧೯೫೫

ಪ್ರೀತಿಯ ಗೆಳತಿ ವೆಂಕೂ,

ನಿನ್ನ ಎರಡೂ ಕಾಗದ ಮುಟ್ಟಿದವು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. 'ಇಲ್ಲಿ ಎಲ್ಲರೂ ಆರಾಮ' ಎಂದು ಬರೆಯಲು ಕೂತರೆ ಕೈ ಮುಂದೆ ಹೋಗುತ್ತಿರಲಿಲ್ಲ. ಗೋಪಿಗೆ ಹಲ್ಲು ಬರುತ್ತಿವೆ, ಮಲಗುವುದೇ ಇಲ್ಲ. ಅವನು ಮಲಗಿದರೆ ನಾನು ಮಲಗುವುದಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತ ಕೂಡುತ್ತೇನೆ.

ಧಾರವಾಡ ರೇಡಿಯೋದಲ್ಲಿ ನೀನು ಕೆಲಸಕ್ಕೆ ಸೇರಿದ ಮೇಲೆ ನನ್ನನ್ನೂ ಕರೆಸಿ, ಹೆಂಗಸರ ಕಾರ್ಯಕ್ರಮದಲ್ಲಿ ಕೂಸಿನ ನಿದ್ದೆಯ ಬಗ್ಗೆ ಮಾತಾಡಿಸಿದೆಯಲ್ಲ, ಅದರದೇ ಸುದ್ದಿ ಇದು. ಅವತ್ತು ನಮ್ಮ ಪಡಸಾಲೆಯ ರೇಡಿಯೋದ ಮುಂದೆ ಓಣಿಯ ಹೆಂಗಸರೆಲ್ಲ ಕೂತಿದ್ದರಂತೆ. ಅತ್ತೆಯವರು ಎಲ್ಲರಿಗೂ ಚಹಾ ಕೊಟ್ಟು, 'ನಮ್ಮ ಸೊಸಿ ಪೆಟಗಿಯೊಳಗ ಹ್ಯಾಂಗ ಹೊಕ್ಕಾಳ ನೋಡ್ರಿ' ಎಂದು ನಗಿಸಿದರಂತೆ.

ಕಡೆಗೆ ನಾನು ಏನು ಓದಿದೆ, ನೆನಪಿದೆಯೇ? 'ಅಳುವ ಕೂಸಿಗೆ ನಮ್ಮ ಕಡೆ ಹಾಲಿನಲ್ಲಿ ಅಫೀಮು ತೇಯ್ದು ಕುಡಿಸುತ್ತಾರೆ, ಕೂಸು ಸುಮ್ಮನೆ ಮಲಗುತ್ತದೆ.' ಹಾಗೆ ಎಂದೂ ಮಾಡಬೇಡಿರಿ, ಅದು ವಿಷ ಎಂಬುದು ಮುಂದಿನ ಹಾಳೆಯಲ್ಲಿತ್ತು. ನಾನು ಓದುವುದನ್ನು ಅಲ್ಲಿಗೇ ನಿಲ್ಲಿಸಿದೆ. ವೇಳೆ ಆಯಿತೆಂದು ತಿಳಿದು ನೀನು ಹಾಡು ಹಚ್ಚಿದೆ. ಹೊರಗೆ ಬಂದು ನೀನು ನಕ್ಕೆ, ನಾನೂ ನಕ್ಕೆ.

ಹೋದ ಸೋಮವಾರ ಎದುರು ಮನೆಯ ಮುಮತಾಜಬಿ ಕೂಸನ್ನು ಎತ್ತಿಕೊಂಡು ಓಡಿ ಬಂದಳು. 'ಅಕ್ಕಾರ, ನೀವು ರೇಡಿಯೋದಾಗ ಹೇಳಿದಂಗ ಮಾಡೀನ್ರಿ. ಎಷ್ಟ ಎಬ್ಬಿಸಿದ್ರೂ ಏಳವಲ್ದರಿ!' ಆ ಕೂಸಿನ ತುಟಿ ನೀಲಿಯಾಗಿತ್ತು. ಇಬ್ಬರೂ ದವಾಖಾನೆಗೆ ಓಡಿದೆವು. ಸಂಜೆಗೆ ಅದು ಅತ್ತಿತು, ಬದುಕಿತು. ಮುಮತಾಜಬಿಯ ಅಕ್ಕ ಇರುವುದು ಸೂಡಿ ಎಂಬ ಹಳ್ಳಿಯಲ್ಲಿ. ಅಲ್ಲಿ ಚಾವಡಿಯ ರೇಡಿಯೋದ ಮುಂದೆ ಊರೇ ಕೂಡುತ್ತದಂತೆ. ಇನ್ನು ಬೆಳವಣಕಿಯಲ್ಲಿ, ಅಸೂಟಿಯಲ್ಲಿ, ನರಗುಂದದಲ್ಲಿ ಯಾವ ತಾಯಿ ಕೇಳಿದಳೋ, ಯಾವ ಕೂಸು ಈಗ ಮಲಗಿದೆಯೋ?

ಬಸ್ಸು ಹಿಡಿದು ಸೂಡಿಗೆ ಹೋದೆ. ಅಡಿವೆವ್ವ ಎಂಬ ಮುದುಕಿ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅಫೀಮು ಕುಡಿಸಬೇಡಿರಿ ಎಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

'ರೇಡಿಯೋದಾಕಿ ಕುಡಸ್ರಿ ಅಂದ್ಲು. ನೀ ಬ್ಯಾಡ ಅಂತಿ. ನೀ ಯಾರವ್ವಾ?'

'ಆ ರೇಡಿಯೋದಾಕಿ ನಾನ, ಆಯೀ.'

'ಭಾಳ ಶ್ಯಾಣ್ಯಾಕಿ! ಆಕಿ ದನಿ ಎಷ್ಟ ಚಲೋ ಇತ್ತು. ನಿಂದು ಕಾಗಿ ಒದರಿದಂಗ ಐತಿ.'

ಕೂತವರೆಲ್ಲ ನಕ್ಕರು. ಆ ಕೂಸೂ ನಕ್ಕಿತು, ವೆಂಕೂ.

ನನ್ನ ಬಾಯಿಮಾತು ಇಲ್ಲಿ ನಡೆಯುವುದಿಲ್ಲ. ರೇಡಿಯೋ ಹೇಳಿದ್ದನ್ನು ರೇಡಿಯೋನೇ ಬೇಡ ಅನ್ನಬೇಕು. ಅವತ್ತಿನ ಆ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಬರುವ ಗುರುವಾರ ಅದನ್ನು ನೀನೇ ಓದು. ನಿಮ್ಮ ರೇಡಿಯೋ ಸಾಹೇಬರು ಏನಾದರೂ ಅಂದರೆ ತಪ್ಪು ನನ್ನದೆಂದು ಹೇಳು. ನನ್ನ ಹೆಸರು ಹೇಳಿಯೇ ಓದು.

ನಿನ್ನ ತಾಯಿಯವರಿಗೆ ನಮಸ್ಕಾರ. ತಂಗಿಗೆ ಗಂಡು ಗೊತ್ತಾದದ್ದು ಕೇಳಿ ಸಂತೋಷವಾಯಿತು. ಅವಳ ಮಡಿಲು ತುಂಬಲಿ, ತುಂಬಿದ್ದು ತುಂಬಿಯೇ ಇರಲಿ.

ನಿನ್ನ
ಚಂಪಾ

ತಾ.ಕ.: ಅವತ್ತು ವೇಳೆ ಮುಗಿದಿರಲಿಲ್ಲ. ಗಡಿಯಾರ ನನಗೆ ಕಾಣುತ್ತಿತ್ತು. ಆ ಹಾಳೆಯ ಮೇಲ್ಗಡೆ ಪೆನ್ಸಿಲಿನ ಒಂದು ಸಾಲು ಇದೆ ನೋಡು, ಧಾರವಾಡಕ್ಕೆ ಬರುವಾಗ ಬಸ್ಸಿನಲ್ಲಿ ಸೇರಿಸಿದ್ದು: 'ನನ್ನ ಮೊದಲ ಮಗಳು ಹೀಗೆಯೇ ಮಲಗಿದವಳು ಏಳಲಿಲ್ಲ.' ಬರೆದವಳು ನಾನೇ, ಓದಲಾಗಲಿಲ್ಲ. ಆ ನನ್ನ ಇಂದೂ ಜ್ವರದಿಂದ ಹೋದಳೆಂದು ನಿನಗೂ ಬರೆದಿದ್ದೆ. ಆ ಹಾಲು ಕುಡಿಸಿದವರು ಅತ್ತೆಯವರು, ನನಗೆ ಒಂದು ದಿನವಾದರೂ ನಿದ್ದೆ ಸಿಗಲೆಂದು. ಡಾಕ್ಟರು ಖರೇ ಸಂಗತಿಯನ್ನು ನನಗೂ ನಮ್ಮ ಯಜಮಾನರಿಗೂ ಅಷ್ಟೇ ಹೇಳಿದರು. ಅತ್ತೆಯವರು ಇಂದಿಗೂ ಜ್ವರವೆಂದೇ ನಂಬಿದ್ದಾರೆ. ಮೊನ್ನೆ ಗೋಪಿ ಅಳುವಾಗ, 'ನಿನ್ನ ರೇಡಿಯೋ ಮಾತು ನೀನ ಕೇಳವಲ್ಲಿ. ಒಂದೀಟ ಕುಡಸೂಣೇನ?' ಎಂದರು. ಅವನನ್ನು ಅವರ ಕೈಯಿಂದ ಕಸಿದುಕೊಂಡೆ. ಅವರು ನನ್ನ ಮುಖ ನೋಡಿದರು. ವಿಷ ಎಂದರೆ ಅಡಿವೆವ್ವ ನಂಬುವುದಿಲ್ಲ, ಸತ್ತ ಕೂಸಿನ ಮಾತು ನಂಬಿಯಾಳು. ಗುರುವಾರ ರೇಡಿಯೋ ಕೇಳಲು ಓಣಿಯವರನ್ನು ಯಾರನ್ನೂ ಕರೆಯುವುದಿಲ್ಲ. ಗೋಪಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಅತ್ತೆಯವರ ಕೈ ಹಿಡಿದುಕೊಂಡು ಕೂಡುತ್ತೇನೆ. ನನಗೆ ಭಾಳ ಹೆದರಿಕೆ, ವೆಂಕೂ. ಆ ಸಾಲನ್ನು ಬಿಡಬೇಡ.